ಸೋದರಮಾವ ತೆರೆಯದ ಮದುವೆ ಪತ್ರಿಕೆ

ಊಟಕ್ಕೆ ಕರೆದರೆ ಇಲ್ಲವೆನ್ನುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಹೊಸ ಬೋರ್‌ವೆಲ್ಲಿನ ಪೂಜೆ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಕರೆದವರ ಗುರುತು ಹತ್ತದಿದ್ದರಂತೂ ಎಲ್ಲರಿಗಿಂತ ಮೊದಲೇ ಹೋಗುತ್ತೇನೆ; ಗುರುತು ಹತ್ತಲಿಲ್ಲವೆಂದು ಅವರಿಗೆ ಗೊತ್ತಾಗಬಾರದಲ್ಲ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಲೇ ತಲೆ ನರೆಸಿಕೊಂಡವನು ನಾನು. ನಮ್ಮ ಕಡೆ ತರಗತಿಯಲ್ಲಿ ‘ತಿಪ್ಪೇಸ್ವಾಮಿ’ ಎಂದು ಕೂಗಿದರೆ ಅರ್ಧ ಬೆಂಚು ಎದ್ದು ನಿಲ್ಲುತ್ತದೆ. ಹೀಗಿರುವಾಗ ಒಂದು ಭಾನುವಾರ ಮನೆಯ ಕಂಪ್ಯೂಟರಿಗೆ ತಿಪ್ಪೇಸ್ವಾಮಿ ಎಂಬವನಿಂದ ‘ನಮ್ಮ ಮನೆಯ ಮದುವೆ, ತಪ್ಪದೆ ಬನ್ನಿ’ ಎಂಬ ಮೇಲ್ ಬಂತು. ಇವನು ಯಾವ ವರ್ಷದ ತಿಪ್ಪೇಸ್ವಾಮಿ ಎಂದು ಯೋಚಿಸಿದೆನೇ ಹೊರತು, ತಿಪ್ಪೇಸ್ವಾಮಿ ಹೌದೋ ಅಲ್ಲವೋ ಎಂದು ಯೋಚಿಸಲಿಲ್ಲ.

ಪತ್ರಿಕೆಯ ಮೇಲೆ ಒತ್ತಿದೆ. ಆಂಟಿವೈರಸ್ ಕೆಂಪು ಅಕ್ಷರದಲ್ಲಿ ಬೊಬ್ಬೆ ಹಾಕಿತು. ಇದು ಅಪಾಯ, ಒಳಗೆ ಬಿಡಬೇಡ ಎಂದಿತು. ನನಗೆ ಬೇಜಾರಾಯಿತು. ಪಾಪ, ಯಾರೋ ಹುಡುಗ ಗುರುಗಳನ್ನು ನೆನಪಿಟ್ಟುಕೊಂಡು ಕರೆಯಲು ಬಂದಿದ್ದಾನೆ, ಬಾಗಿಲಲ್ಲೇ ನಾಯಿ ಬೊಗಳಿದರೆ ಹೇಗೆ? ಬಂದವರಿಗೆ ಮುಜುಗರವಾಗದಂತೆ ನಾಯಿಯನ್ನು ಹಿತ್ತಲಿಗೆ ಕಟ್ಟುವುದು ನಮ್ಮ ಪದ್ಧತಿ. ನಾನೂ ಅದನ್ನೇ ಮಾಡಿದೆ. ಆಂಟಿವೈರಸ್ ಬಂದ್ ಮಾಡಿ ಮತ್ತೆ ಒತ್ತಿದೆ. ಗಂಡೂ ಕಾಣಲಿಲ್ಲ, ಹೆಣ್ಣೂ ಕಾಣಲಿಲ್ಲ, ಛತ್ರದ ವಿಳಾಸವೂ ಇರಲಿಲ್ಲ. ಕಂಪ್ಯೂಟರ್ ಮಾತ್ರ ಏದುಸಿರು ಬಿಡತೊಡಗಿತು.

ಮಾರನೆಯ ದಿನ ಬಂದು ನೋಡಿದ ರಿಪೇರಿ ಅಂಗಡಿಯ ಸಾದಿಕ್, “ಸಾರ್, ಇದು ಟ್ರೋಜನ್. ಮದ್ವೆ ಪತ್ರಿಕೆ ವೇಷದಾಗೆ ಬಂದೈತೆ. ಆಂಟಿವೈರಸ್ ಬಂದ್ ಮಾಡಿದ್ದು ಯಾರು?” ಎಂದ. ನಾನು ಫ್ಯಾನಿನ ಕಡೆ ನೋಡಿದೆ. ನನ್ನ ಹೆಂಡತಿ ಪಾರ್ವತಿ ನನ್ನ ಕಡೆ ನೋಡಿದಳು. ಟ್ರೋಜನ್ ಯುದ್ಧದಲ್ಲಿ ಮರದ ಕುದುರೆಯ ಹೊಟ್ಟೆಯಲ್ಲಿ ಸೈನಿಕರನ್ನು ಅಡಗಿಸಿ ಕೋಟೆಯೊಳಗೆ ಕಳಿಸಿದ ಕಥೆಯನ್ನು ವರ್ಷಾವರ್ಷ ಮಕ್ಕಳಿಗೆ ಹೇಳಿ, ‘ಅದನ್ನು ಒಳಗೆ ಬಿಟ್ಟುಕೊಂಡವರು ಎಂಥ ದಡ್ಡರು ನೋಡಿ’ ಎಂದು ನಗಿಸಿದವನು ನಾನು.

ಸಾದಿಕ್ ಆಮೇಲೆ ಹೇಳಿದ್ದು ಇನ್ನೂ ಕೆಟ್ಟ ಸುದ್ದಿ. ಒಳಗೆ ಬಂದ ಕಳ್ಳ ಸುಮ್ಮನೆ ಕೂತಿರಲಿಲ್ಲ. ನನ್ನ ಹೆಸರಿನಲ್ಲಿ, ನನಗೆ ಗೊತ್ತಿರುವವರಿಗೆಲ್ಲ ಅದೇ ಪತ್ರಿಕೆ ಹಂಚಿಬಿಟ್ಟಿದ್ದ. ಮೊದಲ ಹೆಸರೇ ಗೋವಿಂದನದು. ಗೋವಿಂದ ನನ್ನ ಭಾಮೈದ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ನನ್ನ ಮಾವನವರು ಜೀವಮಾನವೆಲ್ಲ ಬರೆದ ಅಂಚು, ಸೆರಗಿನ ಚಿತ್ರಗಳ ಹಾಳೆಗಳಿಗೆ ಗೆದ್ದಲು ಹತ್ತಿದಾಗ, ಉಳಿದದ್ದನ್ನೆಲ್ಲ ಅವನು ಕೂತು ಕಂಪ್ಯೂಟರಿಗೆ ಹಾಕಿದ್ದ. ಬೇರೆ ಪ್ರತಿ ಇಲ್ಲ. ಈಗ ಕಂಪ್ಯೂಟರಿನ ಗೆದ್ದಲನ್ನು ನಾನೇ ಕಳಿಸಿಕೊಟ್ಟಿದ್ದೆ! “ಅವ್ರು ಆ ಪತ್ರಿಕೆ ತೆಗೆದ್ರೆ ಡಿಸೈನ್ ಎಲ್ಲ ಹೋದ್ರೂ ಹೋಗಬಹುದು ಸಾರ್, ಜಲ್ದಿ ಹೇಳ್ರಿ” ಎಂದ ಸಾದಿಕ್.

ಫೋನ್ ಮಾಡಿದೆ. ಗೋವಿಂದ ಎತ್ತಲಿಲ್ಲ. ಪಾರ್ವತಿ ಮಾಡಿದಳು, ಕಟ್ ಮಾಡಿದ. ಒಡಹುಟ್ಟಿದ ಅಕ್ಕನ ಫೋನು ಕಟ್ ಮಾಡಬೇಕಾದರೆ ಅಲ್ಲಿ ಏನೋ ಅನಾಹುತವೇ ಆಗಿದೆ ಎಂದುಕೊಂಡು ಸಿಕ್ಕ ಬಸ್ಸು ಹತ್ತಿದೆವು. “ನಮ್ಮಪ್ಪನ ಕೈಬರಹ ಅದೊಂದೇ ಉಳಿದಿತ್ತು” ಎಂದಳು ಪಾರ್ವತಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ದಾರಿಯಲ್ಲಿ ಕೊಂಡ್ಲಹಳ್ಳಿಗೆ ಹೋಗುವವರು ಇಳಿಯುವ ಹೊತ್ತಿಗೆ ನಾನು ಊರಿನ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿದ್ದೆ.

ಗೋವಿಂದ ಮಗ್ಗದ ಮುಂದೆ ಕೂತಿದ್ದ. ಅವನ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಸಿಟ್ಟು ಬಂದರೆ ಮಾತ್ರ ಮೊದಲು ಬಾಯಿಗೆ ಬರುವುದು ತೆಲುಗೇ.

“ಇಪ್ಪುಡು ಗುರ್ತೊಚ್ಚಾಮಾ ಬಾವಾ?” ಎಂದ. ಈಗ ನೆನಪಾದೆವಾ ಎಂದು.

“ಆ ಪತ್ರಿಕೆ ತೆಗೆದೆಯೇನೋ ಗೋವಿಂದಾ?” ಎಂದು ಬಾಗಿಲಲ್ಲೇ ಕೇಳಿದೆ.

“ನಾನ್ಯಾಕೆ ತೆಗೀಲಿ?” ಸಿಟ್ಟಿನಲ್ಲೇ ಕನ್ನಡಕ್ಕೆ ಬಂದ. “ಮಗಳ ಮದ್ವೆ ಅಂದ್ಮೇಲೆ ಸೋದರಮಾವಂಗೆ ಮೊದ್ಲು ವೀಳ್ಯ ಕೊಟ್ಟು ಕರೀಬೇಕು. ನೀವು ಮನೆಗೆ ಬರ್ಲಿಲ್ಲ, ಒಂದು ಫೋನ್ ಮಾಡ್ಲಿಲ್ಲ. ಕಂಪ್ಯೂಟರ್‌ನಾಗೆ ಕರೀತೀರಾ? ಬಂದಿದ್ದು ನೋಡ್ದೆ. ಮುಟ್ಲಿಲ್ಲ. ಈ ಜನ್ಮದಾಗೆ ಮುಟ್ಟೋದೂ ಇಲ್ಲ!”

ನಾನು ಸಂತೋಷದಿಂದ ಅಲ್ಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ಸನ್ನು ನಾನು ಕಟ್ಟಿಹಾಕಿದ್ದೆ. ಇವನ ಸಿಟ್ಟನ್ನು ಕಟ್ಟಿಹಾಕುವವರು ಯಾರೂ ಇರಲಿಲ್ಲ, ಅದರಿಂದಲೇ ಉಳಿದೆವು. ಆಮೇಲೆ ವಿಚಾರಿಸಿದರೆ ಉಳಿದ ನೆಂಟರದೂ ಇದೇ ಕಥೆ. ‘ಮನೆಗೆ ಬಂದು ಕರೆಯದವರ ಪತ್ರಿಕೆ ನಮಗ್ಯಾಕೆ’ ಎಂದು ಒಬ್ಬರೂ ತೆರೆದಿರಲಿಲ್ಲ. ನಮ್ಮ ಬಂಧುಗಳು ಮಾತೆತ್ತಿದರೆ ಮುನಿಸಿಕೊಳ್ಳುತ್ತಾರೆಂದು ಎಷ್ಟೋ ಸಲ ಗೊಣಗಿದ್ದೇನೆ. ಆ ಮುನಿಸು ಅವರಿಗೆ ನೂರು ಕಾಲ ಇರಲಿ.

ಮದುವೆಯೇ ಇಲ್ಲವೆಂದು ಪಾರ್ವತಿ ಬಿಡಿಸಿ ಹೇಳಿದಳು. ನಮ್ಮ ಮಗಳಿನ್ನೂ ಬಿ.ಎಸ್ಸಿ. ಎರಡನೆಯ ವರ್ಷ. ಗೋವಿಂದ, “ಹಂಗಾದ್ರೆ ಇದನ್ನೇನು ಮಾಡ್ಲಿ ಅಕ್ಕ?” ಎಂದು ಮಗ್ಗ ತೋರಿಸಿದ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು, ಅಂಚಿನಲ್ಲಿ ಮಾವನವರ ರುದ್ರಾಕ್ಷಿ ಸಾಲು. ಆಗಲೇ ಮೊಳದಷ್ಟು ನೇಯ್ದಿದ್ದ.

“ಮದ್ವೆಗೆ ಬರಲ್ಲ ಅಂತಿದ್ಯಲ್ಲೋ?” ಎಂದಳು ಪಾರ್ವತಿ.

“ಸಿಟ್ಟು ಭಾವನ ಮ್ಯಾಲೆ. ಸೀರೆ ಹುಡುಗಿಗೆ.”

ಪಾರ್ವತಿ ಆ ಅಂಚನ್ನು ಸವರುತ್ತಾ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು. ಗೋವಿಂದ ಇಬ್ಬರನ್ನೂ ಊಟಕ್ಕೆ ಎಬ್ಬಿಸಿದ. ಮಾವನವರ ಚಿತ್ರಗಳ ಇನ್ನೊಂದು ಪ್ರತಿ ಈಗ ನಮ್ಮ ಬೀರುವಿನಲ್ಲಿದೆ. ನಮ್ಮ ಕಂಪ್ಯೂಟರನ್ನು ಸಾದಿಕ್ ತೊಳೆದು ಹೊಸದಾಗಿಸಿದ್ದಾನೆ. ಏನೇ ಒಳಗೆ ಬರಬೇಕಾದರೂ ಪಾರ್ವತಿಯ ಪಾಸ್‌ವರ್ಡ್ ಬೇಕು, ಅದನ್ನು ನನಗೆ ಹೇಳಬಾರದೆಂದು ಅವನದೇ ಅಪ್ಪಣೆ.

ಸೀರೆ ಮುಗಿದಿದೆ. ಮಗಳು “ಮದ್ವೆ ಬೇಡ, ಸೀರೆ ಕೊಡ್ಸಿ” ಎನ್ನುತ್ತಾಳೆ. ಗೋವಿಂದ “ಮದ್ವೆ ಮಾಡಿ, ಸೀರೆ ಕೊಡ್ತೀನಿ” ಎನ್ನುತ್ತಾನೆ. ವಾರಕ್ಕೊಮ್ಮೆ ಫೋನ್ ಮಾಡಿ, “ಭಾವ, ಸೀರೆ ರೆಡಿ ಐತೆ, ಮದ್ವೆ ಯಾವಾಗ?” ಎಂದು ಕೇಳುತ್ತಾನೆ. ಎಲ್ಲಿಂದ ಉತ್ತರ ತರಲಿ? ಆ ಮನುಷ್ಯನ ಋಣ ನನ್ನ ಮೇಲೆ ದೊಡ್ಡದು, ಮರೆಯುವಂಥದ್ದಲ್ಲ. ಅದಕ್ಕೇ ಈಗ ಫೋನಿನಲ್ಲಿ ಗೋವಿಂದನ ಹೆಸರು ಕಂಡ ಕೂಡಲೇ ಎರಡೂ ಕೈ ಜೋಡಿಸಿ ಮುಗಿಯುತ್ತೇನೆ. ಮುಗಿದು, ಸೈಲೆಂಟಿಗೆ ಹಾಕುತ್ತೇನೆ.