ಡೇವನ ದನಕ್ಕೆ ನಮ್ಮ ಗೋಗ್ರಾಸ

ದನ ಕಾಯುವುದೂ ಒಂದು ಕೆಲಸವೇ? ‘ನೀನು ದನ ಕಾಯೋಕೇ ಲಾಯಕ್ಕು’ ಎಂದು ನಮ್ಮ ಮೇಷ್ಟರು ನನಗೆ ಆರನೇ ಕ್ಲಾಸಿನಲ್ಲೇ ಸರ್ಟಿಫಿಕೇಟ್ ಕೊಟ್ಟಿದ್ದರು. ಹಾಗಾಗಿ ಆಫೀಸಿನ ಗೆಳೆಯ ಡೇವ್, “ಶನಿವಾರ ಊರಲ್ಲಿರಲ್ಲ, ನನ್ನ ದನ ನೋಡ್ಕೋತೀಯಾ?” ಎಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ಈ ಪರದೇಶದಲ್ಲಿ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಅವನ ಹೊಲ. ಅವು ಮಾಂಸಕ್ಕೆಂದು ಸಾಕಿದ ದನ. ಆ ವಿಷಯ ನಾವು ಎತ್ತುವುದಿಲ್ಲ, ನಮ್ಮ ಮೊಸರನ್ನದ ವಿಷಯ ಅವನು ಎತ್ತುವುದಿಲ್ಲ. ಸ್ನೇಹ ಚೆನ್ನಾಗಿದೆ. ಅವನು ಹುಲ್ಲನ್ನೂ ಕುದುರೆಮಸಾಲೆ ಎಂಬ ಮೇವಿನ ಸೊಪ್ಪನ್ನೂ ಬೆರೆಸಿ ಬಿತ್ತಿದ್ದ. ಈ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಹುಲ್ಲೆಲ್ಲ ಒಣಗಿ, ಆಳಕ್ಕೆ ಬೇರು ಬಿಟ್ಟ ಸೊಪ್ಪು ಮಾತ್ರ ಹಸಿರಾಗಿ ಉಳಿದಿತ್ತು.

“ಮೊದಲು ಹೊಟ್ಟೆ ತುಂಬ ಒಣಹುಲ್ಲು ಹಾಕು, ಆಮೇಲೆ ಹೊಲದ ಗೇಟ್ ತೆಗಿ. ಹಸಿದ ಹೊಟ್ಟೇಲಿ ಬರೀ ಸೊಪ್ಪು ತಿಂದ್ರೆ ಹೊಟ್ಟೆ ಉಬ್ಬಿ ಸತ್ತೇ ಹೋಗ್ತವೆ” ಎಂದಿದ್ದ. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ನಿಪುಣ.

ಆ ಶನಿವಾರ ಕೃಷ್ಣ ಜನ್ಮಾಷ್ಟಮಿ. ನನ್ನ ಹೆಂಡತಿ ಸುಮಾ ಕುಂಕುಮ, ಬಾಳೆಹಣ್ಣು ಹಿಡಿದು ಜೊತೆಗೆ ಬಂದಳು.

“ರೀ, ಹಬ್ಬದ ದಿನ ಗೋಮಾತೆಗೆ ಒಣಹುಲ್ಲಾ? ಪಕ್ಕದಲ್ಲೇ ಅಷ್ಟು ಹಸಿರು ಇಟ್ಕೊಂಡು! ಪಾಪ ಬರುತ್ತೆ.”

“ಡೇವ್ ಹೇಳಿದಾನೆ ಕಣೇ.”

“ಡೇವ್‌ಗೇನು ಗೊತ್ತು ಗೋಸೇವೆ?”

ನನಗೂ ಹೌದೆನಿಸಿತು. ಅವನು ಹುಟ್ಟಿದಾಗಿನಿಂದ ದನ ಸಾಕಿದ್ದಾನೆ, ಅಷ್ಟೇ. ನಾವು ಅವುಗಳನ್ನು ಕ್ಯಾಲೆಂಡರಿನಲ್ಲಿ ನೋಡಿ ದಿನಾ ಕೈಮುಗಿದವರು! ಹತ್ತಿರ ನಿಂತಿದ್ದ ಕರಿಯ ದನದ ಹಣೆಗೆ ಕುಂಕುಮ ಇಟ್ಟು, ಬಾಳೆಹಣ್ಣು ತಿನ್ನಿಸಿ, ಗೇಟ್ ತೆಗೆದೆ.

ಸ್ವಲ್ಪ ಹೊತ್ತಿಗೆ ಅದೇ ಕರಿಯ ದನ ಮೇಯುವುದು ಬಿಟ್ಟು ನಿಂತಿತು. ಅದರ ಎಡ ಪಕ್ಕೆ ತಮಟೆಯಂತೆ ಬಿಗಿದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ತಕ್ಷಣ ಡೇವ್‌ಗೆ ಫೋನ್ ಮಾಡಿದೆ. ಜನ್ಮಾಷ್ಟಮಿಯ ದಿನ ಗೋಹತ್ಯೆ! ಅದೂ ಪೂಜೆ ಮಾಡಿ!

ಡೇವ್ ಫೋನಿನಲ್ಲೇ ಕಿರುಚಿದ: “ಮಲಗೋಕೆ ಬಿಡಬೇಡ, ನಡೆಸು! ಉಳಿದವನ್ನ ಹೊರಗೆ ಹಾಕು! ಡಾಕ್ಟರನ್ನ ಕಳಿಸ್ತೀನಿ.”

ಸುಮಾ ಬಾಳೆಹಣ್ಣು ತೋರಿಸಿ ಉಳಿದ ದನಗಳನ್ನು ಹೊರಗೆ ಕರೆದೊಯ್ದಳು. ನಾನು ರೇಷ್ಮೆ ಪಂಚೆ ಮೇಲೆತ್ತಿ ಕಟ್ಟಿ ಕರಿಯ ದನವನ್ನು ಹಿಂದಿನಿಂದ ದೂಡುತ್ತಾ ಹೊಲ ಸುತ್ತಿದೆ. ‘ಕೃಷ್ಣಾ, ಇದನ್ನ ಉಳಿಸಪ್ಪಾ’ ಎಂದು ನಿಜವಾಗಿ ಅತ್ತೆ.

ದನದ ಡಾಕ್ಟರಮ್ಮ ಬಂದವರೇ ಅದರ ಗಂಟಲಿಗೆ ಕೊಳವೆ ಇಳಿಸಿ ಎಣ್ಣೆ ಹೊಯ್ದರು. ಗಾಳಿ ಬುಸ್ಸೆಂದು ಹೊರಬಂತು. ಜೊತೆಗೆ ನನ್ನ ಉಸಿರೂ. ದನ ಬದುಕಿತು.

“ಹಣೆ ಮೇಲೆ ಏನಿದು, ಗಾಯವಾ?” ಎಂದರು.

“ಅಲ್ಲ, ಗೋಮಾತೆಗೆ ಪೂಜೆ ಮಾಡಿದ್ವಿ.”

“ಮಾತೆ ಅಲ್ಲ. ಬೀಜ ಒಡೆದ ಹೋರಿ ಇದು!”

ಡೇವ್ ಬೈಯಲಿಲ್ಲ. “ಮುಂದಿನ ಸಲ ನನ್ನ ಬೆಕ್ಕನ್ನ ನೋಡ್ಕೋ” ಎಂದ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಸುಮಾ ದೇವಸ್ಥಾನದ ಭಟ್ಟರಿಗೆ ಫೋನ್ ಮಾಡಿ ಪ್ರಾಯಶ್ಚಿತ್ತ ಕೇಳಿದಳು. “ಬಹಳ ಸುಲಭ ಅಮ್ಮಾ,” ಎಂದರು ಅವರು, “ಯಾವುದಾದರೂ ಹಸುವಿಗೆ ಹೊಟ್ಟೆ ತುಂಬ ಹಸಿರು ಮೇವು ಹಾಕಿಬಿಡಿ.”

ಸುಮಾ ಫೋನ್ ಇಟ್ಟು, ಒಂದು ದೊಡ್ಡ ಬಟ್ಟಲು ಸಲಾಡ್ ತಂದು ನನ್ನ ಮುಂದಿಟ್ಟಳು. ನಾನು ತಲೆಯಾಡಿಸಿ ತಿಂದೆ.