ಸಂಜೆಯ ವೋಲ್ಟೇಜು, ಹಾಲಿನ ಮಿಷನ್ನು

ಕರೆಂಟು ಹೋದರೆ ಹೋಯಿತು. ಹೋಗಲೋ ಇರಲೋ ಎಂದು ಅದು ಅನುಮಾನಿಸುತ್ತಾ ನಿಂತಾಗಲೇ ನನ್ನ ಕಸುಬಿನವರಿಗೆ ಪೀಕಲಾಟ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಒಂದು ಸಣ್ಣ ಕಾರ್ಖಾನೆಯಲ್ಲಿ, ಹಳ್ಳಿ ಡೈರಿಗಳಲ್ಲಿ ಹಾಲಿನ ಫ್ಯಾಟು ಅಳೆಯುವ ಮಿಷನ್ನಿಗೆ ಸರ್ಕ್ಯೂಟ್ ಬೋರ್ಡು ಮಾಡುತ್ತಿದ್ದೆ. ಅಳತೆಯ ಸೂತ್ರವೆಲ್ಲ ಫ್ಲ್ಯಾಶ್ ಮೆಮೊರಿಯಲ್ಲಿದೆ, ಕರೆಂಟು ಹೋದರೂ ಮರೆಯುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳೂ ನಾನೇ.

೧. ಎಮ್ಮೆಯ ಸಿಟ್ಟು

ಹಳೇಕೋಟೆ ಕಡೆಯ ಒಂದು ಡೈರಿಯಲ್ಲಿ ಮಿಷನ್ನು ಎಮ್ಮೆ ಹಾಲಿಗೂ ಸೊನ್ನೆ ತೋರಿಸಿತು. ಹೋಗಿ ಸರಿಮಾಡಿ ಬಂದೆ. ವಾರದೊಳಗೆ ಮತ್ತೆ ಸೊನ್ನೆ. ಫ್ಯಾಟಿಲ್ಲದಿದ್ದರೆ ದುಡ್ಡಿಲ್ಲ; ಇದು ಡೈರಿ ಸೆಕ್ರೆಟರಿಯದೇ ಕೈಚಳಕವೆಂದು ಊರಿನ ಕಣ್ಣು ಅವರ ಮೇಲೆ ಬಿತ್ತು. ಹದಿನೈದು ವರ್ಷ ಹಾಲು ಅಳೆದ, ಮೆತ್ತನೆ ಮನುಷ್ಯ. ಡೈರಿ ಅಧ್ಯಕ್ಷರು, "ಭಾನ್ವಾರ ಮೀಟಿಂಗು. ಇವನ್ನ ತೆಗ್ದಾಕದೇ ಸೈ" ಎಂದು ಸಾರಿಬಿಟ್ಟರು.

ಕ್ಯಾನು ಹಿಡಿದು ನಿಂತಿದ್ದ ಅಜ್ಜಿಗೆ, "ನಿಮ್ಮ ಎಮ್ಮೇದೇನೂ ತಪ್ಪಿಲ್ಲ ಅಜ್ಜಿ" ಎಂದೆ.

"ಅದ್ನ ಎಮ್ಮೆಗೇ ಯೋಳವ್ವ. ಬೆಳಿಗ್ಗಿಂದ ಒದಿತಾ ಅದೆ."

೨. ಟೀ ಲೋಟದ ಜಾಗ

ಬೋರ್ಡನ್ನು ಹಾಸನಕ್ಕೆ ತಂದೆ. ಇನ್ನೂರು ಸಲ ಸ್ವಿಚ್ ಹಾಕಿದೆ, ತೆಗೆದೆ. ಒಂದು ಸಲವೂ ತಪ್ಪಲಿಲ್ಲ. "ಚೆನ್ನಾಗೇ ಇದೆಯಲ್ಲಮ್ಮ" ಎಂದರು ಮಾಲೀಕರು. ನಮ್ಮ ಮೇಜಿಗೆ ಕರೆಂಟು ಬರುವುದು ವೋಲ್ಟೇಜನ್ನು ಒಂದೇ ಸಮ ಇಡುವ ಸ್ಟೆಬಿಲೈಸರ್ ಮೂಲಕ ಎಂಬುದು, ಅದರ ತಲೆಯ ಮೇಲೇ ದಿನಾ ಟೀ ಲೋಟ ಇಡುತ್ತಿದ್ದ ನನಗೆ ಹೊಳೆಯಲು ಮೂರು ದಿನ ಹಿಡಿಯಿತು.

೩. ದೂರೇ ಇಲ್ಲದ ಊರು

ಅಷ್ಟರಲ್ಲಿ ಚನ್ನರಾಯಪಟ್ಟಣದ ಕಡೆಯಿಂದಲೂ ದೂರು ಬಂತು. ಅರಕಲಗೂಡು ಹತ್ತಿರದ ಒಂದು ಡೈರಿಯಿಂದ ಮಾತ್ರ ಚಕಾರವಿಲ್ಲ. ಅಲ್ಲಿನ ಗುಟ್ಟೇನೆಂದು ಬಸ್ಸು ಹತ್ತಿ ಹೋದೆ. ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಗೋಡೆಗೂಡಿನಲ್ಲಿ ಇಟ್ಟಿದ್ದರು.

"ತೊಂದರೆ ಏನೂ ಇಲ್ವಾ?"

"ಏನಿಲ್ಲ ಕಣಮ್ಮ. ಬೆಲೆಬಾಳೋ ಸಾಮಾನು, ಆಳಾಗ್ಬುಟ್ಟಾತು ಅಂತ ಸ್ವಿಚ್ಚೇ ಆಕಿಲ್ಲ."

೪. ಸುಮ್ಮನಿರುವ ಚಿಪ್ಪು

ಶನಿವಾರ ಸಂಜೆ ಬೋರ್ಡನ್ನು ಮಿಷನ್ನಿಗೆ ಮತ್ತೆ ಕೂರಿಸಿ, ಮೀಟರ್ ಹಿಡಿದು ಹಳೇಕೋಟೆ ಕಡೆಯ ಡೈರಿಯಲ್ಲೇ ಕೂತೆ. ಹಾಲು ಹಾಕುವ ಹೊತ್ತಿಗೆ ಸರಿಯಾಗಿ ತ್ರೀಫೇಸ್ ಕರೆಂಟು ಬಂತು, ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು. ಬಲ್ಬು ಕೆಂಪು ದಾರದಷ್ಟಾಯಿತು. ಆ ಅರೆಬರೆ ವೋಲ್ಟೇಜಿನಲ್ಲಿ ಪ್ರೊಸೆಸರು ನಿದ್ದೆಗಣ್ಣಿನಲ್ಲಿ ಫ್ಲ್ಯಾಶ್ ಮೆಮೊರಿಯಲ್ಲಿದ್ದ ಸೂತ್ರದ ಮೇಲೇ ಗೀಚುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ರೀಸೆಟ್ ಸರ್ಕ್ಯೂಟು. ಅಗ್ಗವೆಂದು ನಾನು ಹಾಕಿದ್ದು ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಸ್ವಿಚ್ ಹಾಕಿದಾಗ ಅವು ಸಾಕು, ವೋಲ್ಟೇಜು ಕುಸಿದರೆ ಅವಕ್ಕೆ ಗೊತ್ತೇ ಆಗುವುದಿಲ್ಲ.

"ತಪ್ಪು ನನ್ನದು" ಎಂದೆ ಸೆಕ್ರೆಟರಿಗೆ.

ಅವರು ಹಾಲಿನ ಲೆಕ್ಕದ ಪುಸ್ತಕ ಮುಚ್ಚಿಟ್ಟರು. ಆಮೇಲೆ, "ಇದ್ನೇ ನಾಳೆ ಮೀಟಿಂಗಲ್ಲಿ ಯೋಳ್ತೀರಾ ಮೇಡಂ?" ಎಂದರು.

ಮಾರನೆಯ ಸಂಜೆ ಎಲ್ಲರ ಮುಂದೆ ಹೇಳಿದೆ. ವೋಲ್ಟೇಜನ್ನು ಕಾಯುವ ಮೂರು ಕಾಲಿನ ಚಿಪ್ಪೊಂದನ್ನು ಬೋರ್ಡಿಗೆ ಬೆಸುಗೆ ಹಾಕಿ ತಂದಿದ್ದೆ. ಪಂಪುಗಳು ಎದ್ದವು. ಮಿಷನ್ನಿನ ಪರದೆ ಖಾಲಿಯಾಯಿತು.

"ನೋಡ್ರಪ್ಪಾ, ಇದೂ ಕೆಟ್ಟೋಯ್ತು!" ಎಂದರು ಅಧ್ಯಕ್ಷರು.

"ಕೆಟ್ಟಿಲ್ಲ. ವೋಲ್ಟೇಜು ಸಾಲದು ಅಂತ ಗೊತ್ತಾಗಿ ಸುಮ್ಮನಿದೆ."

ಅಧ್ಯಕ್ಷರು ಸುಮ್ಮನಾಗಲಿಲ್ಲ. ಮಿಷನ್ನು, ಸೆಕ್ರೆಟರಿ, ಓದಿದ ಹೆಂಗಸರು ಎಲ್ಲರನ್ನೂ ಹತ್ತು ನಿಮಿಷ ವಿಚಾರಿಸಿಕೊಂಡರು. ಅಷ್ಟರಲ್ಲಿ ಯಾರ್ಯಾರದೋ ಮೋಟಾರುಗಳು ಟ್ರಿಪ್ ಆಗಿ ನಿಂತು ಬಲ್ಬು ಬೆಳ್ಳಗಾಯಿತು. ಮಿಷನ್ನು ತಾನಾಗೇ ಎದ್ದು ಅಜ್ಜಿಯ ಹಾಲಿಗೆ ಏಳು ಫ್ಯಾಟು ತೋರಿಸಿತು. ಸೆಕ್ರೆಟರಿಯನ್ನು ತೆಗೆಯುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು, ಕಣ್ಣನ್ನೂ.

ಬಸ್ಸಿನವರೆಗೆ ಕಳಿಸಲು ಬಂದ ಸೆಕ್ರೆಟರಿ ಬಹಳ ಗಂಭೀರವಾಗಿ ಕೇಳಿದರು: "ಮೇಡಂ, ಆ ಚಿಪ್ಪು ಇನ್ನೊಂದು ಐತಾ?"

"ಇದೆ. ಯಾವ ಮಿಷನ್ನಿಗೆ?"

"ಮಿಷನ್ನಿಗಲ್ಲ. ನಮ್ಮ ಅಧ್ಯಕ್ಷರಿಗೆ."