ಕಂಪನಿ ಕೊಟ್ಟದ್ದು, ನಾನು ಹಾಕಿಸಿದ್ದು

ಶಿಸ್ತು ಅಂತ ಬದುಕುವವನಿಗೆ ಅಲ್ಲಲ್ಲಿ ಅವಮಾನ ಕಾದಿರುತ್ತದೆ ಎಂದು ಗೊತ್ತಿತ್ತು. ಅದು ಜೇಬಿನೊಳಗಿಂದಲೇ ಬರುತ್ತದೆ ಎಂದು ಗೊತ್ತಿರಲಿಲ್ಲ.

೧. ಗೋಡೆ

ಸಾಗರದಲ್ಲಿ ರೈತರ ಸಭೆ. ಮೊಬೈಲಿನಲ್ಲಿ ಅರ್ಜಿ ತುಂಬುವುದನ್ನು ತೋರಿಸಲು ನನ್ನ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದ್ದೆ. ಗೋಡೆಯ ಮೇಲೆ ಅರ್ಜಿಯ ಬದಲು, ಫೋನ್ ಕಂಪನಿ ತಾನೇ ತುರುಕಿದ ಜಾಹೀರಾತು ಮೂಡಿತು: ನಿಮ್ಮೂರಿನ ಹುಡುಗಿಯರು ನಿಮ್ಮೊಂದಿಗೆ ಹರಟಲು ಕಾತರರಾಗಿದ್ದಾರೆ. ಮುಚ್ಚಲು ಒತ್ತಿದರೆ ಇನ್ನೂ ದೊಡ್ಡದಾಯಿತು.

ಮುಂದಿನ ಸಾಲಿನ ಹಿರಿಯರೊಬ್ಬರು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಒತ್ತರಿಸಿಕೊಂಡು, "ಮೊದ್ಲು ಅವ್ರ ಹತ್ರ ಮಾತಾಡಿ ಸಾರ್. ನಮ್ಗೆಂತ ಅವಸರ ಇಲ್ಲ" ಎಂದರು.

೨. ಕೆನ್ನೆ

ಮರುದಿನವೇ ತೀರ್ಥಹಳ್ಳಿಯ ಮೊಬೈಲ್ ಅಂಗಡಿಗೆ ಹೋಗಿ, ಕಂಪನಿಯ ಸಾಫ್ಟ್‌ವೇರ್ ಅಳಿಸಿ, ಹವ್ಯಾಸಿಗಳು ಬರೆದು ಹಂಚುವ ಕಸ್ಟಮ್ ಸಾಫ್ಟ್‌ವೇರ್ ಹಾಕಿಸಿದೆ. "ಜಾಹೀರಾತು ಹೋಗತ್ತೆ ಸಾರ್. ಜೊತೆಗೆ ಎಂತೆಂತ ಹೋಗತ್ತೋ, ಅದು ನಂಗೂ ಗೊತ್ತಿಲ್ಲ" ಎಂದ ಅಂಗಡಿಯವ.

ಕಿವಿಗಿಟ್ಟರೆ ಪರದೆ ತಾನೇ ಆರುವುದು ಹೋಗಿತ್ತು. ಹೊಸನಗರದ ಬಸ್ಸಿನಲ್ಲಿ ಹೆಂಡತಿಯ ಕರೆ ಬಂದಾಗ ನನ್ನ ಕೆನ್ನೆಯೇ ಸ್ಪೀಕರ್ ಒತ್ತಿಬಿಟ್ಟಿತು.

"ಆಫೀಸಲ್ಲಿ ಊರಿಗೆಲ್ಲ ಶಿಸ್ತು ಕಲಿಸ್ತೀರಿ. ಒದ್ದೆ ಟವೆಲ್ ಮಂಚದ ಮೇಲೆ ಎಸ್ದು ಹೋದ್ರೆ ತೆಗೆಯೋರು ಯಾರ್ರೀ?"

ಇಡೀ ಬಸ್ಸು ಕೇಳಿಸಿಕೊಂಡಿತು. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಮೆಲ್ಲಗೆ, "ತಂತಿ ಮೇಲೆ ಹಾಕ್ಬಿಡಿ ಸಾರ್. ನಾನೂ ಈಗ ಹಂಗೇ ಮಾಡ್ತಿರೋದು" ಎಂದ.

೩. ಮುಖ

ಹೊಸನಗರದಲ್ಲಿ ನಮ್ಮದು ಇಬ್ಬರೇ ಇರುವ ಕಚೇರಿ. ನಾನು ಎಂದೂ ತಡವಾಗಿ ಬಂದವನಲ್ಲ. ಸಾಗರದಿಂದ ಬಸ್ಸಿನಲ್ಲಿ ಬರುವ ಗುಮಾಸ್ತೆ ಮೇಡಂ ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಅದಕ್ಕಾಗಿ ದಿನಾ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಹಾಜರಿ ಆ್ಯಪ್‌ಗೆ ಮುಖ ತೋರಿಸಿದೆ. "ಈ ಫೋನನ್ನು ತಿದ್ದಲಾಗಿದೆ, ನಂಬಲಾಗದು" ಎಂದಿತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದವನು ದಾಖಲೆಯಲ್ಲಿ ಗೈರು.

ಅಂಗಡಿಗೆ ಫೋನ್ ಮಾಡಿದೆ. "ಕಂಪನಿದೇ ವಾಪಸ್ ಹಾಕಿದ್ರೆ ಹಾಜರಿ ಬರತ್ತೆ, ಹುಡುಗೀರೂ ಬರ್ತಾರೆ. ಯೋಚ್ನೆ ಮಾಡಿ ಹೇಳಿ ಸಾರ್."

ಯೋಚಿಸುತ್ತಲೇ ಇದ್ದೇನೆ. ಅಲ್ಲಿಯವರೆಗೆ ದಾರಿ ತೋರಿಸಿದವರು ಗುಮಾಸ್ತೆಯೇ: "ನನ್ ಫೋನಲ್ಲಿ ಲಾಗಿನ್ ಆಗಿ ಮುಖ ತೋರ್ಸಿ ಸಾರ್. ನಿಯಮದಲ್ಲಿ ಅವಕಾಶ ಇದೆ. ಆದ್ರೆ ನಾನು ಬರೋ ತನಕ ಕಾಯ್ಬೇಕಾಗತ್ತೆ."

ಈಗ ದಿನಾ ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಬಂದು ಬೀಗ ತೆಗೆದು, ಮೆಟ್ಟಿಲ ಮೇಲೆ ನಿಂತು ಸಾಗರದ ಬಸ್ಸಿನ ದಾರಿ ನೋಡುತ್ತೇನೆ. ನಿನ್ನೆ ಆಕೆ ನಿಧಾನಕ್ಕೆ ನಡೆದು ಬಂದು, ಫೋನನ್ನು ನನ್ನ ಮುಖಕ್ಕೆ ಹಿಡಿದು, ಸಣ್ಣಗೆ ಗದರಿದರು:

"ಎಂತ ಸಾರ್, ಇವತ್ತೂ ಲೇಟಾ?"